ತಂತಿ ಅದಲುಬದಲಾದ ಗಾಡಿ

ನಮ್ಮ ಮನೆ ಹಜಾರದಲ್ಲಿ ಒಂದು ಹೆದರುಪುಕ್ಕಲು ಗಾಡಿ ಇತ್ತು. ಎರಡು ಹಳದಿ ಮೋಟರು, ಎರಡು ಚಕ್ರ, ಆಸರೆಗೆ ಮುಂದೊಂದು ಪುಟ್ಟ ಗಾಲಿ, ಬೆನ್ನ ಮೇಲೆ ಸೆಲ್ಲಿನ ಡಬ್ಬಿ, ಮೂತಿಯಲ್ಲಿ ಕಣ್ಣಿನ ಹಾಗೆ ಎರಡು ಎಲ್‌ಡಿಆರ್. ಎಲ್‌ಡಿಆರ್ ಅಂದರೆ ಬೆಳಕು ಬಿದ್ದಷ್ಟೂ ಕರೆಂಟನ್ನು ಸಲೀಸಾಗಿ ಬಿಡುವ, ಕತ್ತಲಾದಷ್ಟೂ ತಡೆಯುವ ಬಿಡಿಭಾಗ. ಮೆಣಸಿನಕಾಳಿಗಿಂತ ಒಂಚೂರು ದೊಡ್ಡದು. ಟಾರ್ಚ್ ಹಿಡಿದರೆ ಸಾಕು, ಗಾಡಿ ಸರಕ್ಕನೆ ಮೂತಿ ತಿರುಗಿಸಿ ಸೋಫಾದ ಕೆಳಗೆ ಓಡಿಹೋಗಿ ಕತ್ತಲಲ್ಲಿ ಸುಮ್ಮನಾಗುತ್ತಿತ್ತು. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯ ಮಕ್ಕಳು ಅದಕ್ಕೆ ‘ಪುಕ್ಲ’ ಎಂದು ಹೆಸರಿಟ್ಟಿದ್ದರು.

ಒಂದು ಶನಿವಾರ ಸೆಲ್ ಬದಲಾಯಿಸುವಾಗ ಎರಡು ವೈರು ಕಿತ್ತು ಬಂದವು. ಅಕ್ಕನ ಮಗಳು ಸಿರಿ, ಐದನೇ ಕ್ಲಾಸು, ತಾನೇ ಸಿಕ್ಕಿಸಿದಳು. ಮತ್ತೆ ಟಾರ್ಚ್ ಹಾಕಿದ್ದೇ ತಡ, ಪುಕ್ಲ ಸೋಫಾ ಕಡೆ ಹೋಗಲೇ ಇಲ್ಲ. ನೇರ ಟಾರ್ಚಿನತ್ತ ನುಗ್ಗಿ ಬಂದು ಅವಳ ಮೊಣಕಾಲಿಗೆ ಡಿಕ್ಕಿ ಹೊಡೆಯಿತು.

“ಮಾಮಾ, ಪುಕ್ಲಂಗೆ ರೋಷ ಬಂದ್ಬಿಟ್ಟಿದೆ!”

“ರೋಷ ಎಲ್ಲಿದೆ, ತೋರ್ಸು.”

ಅವಳು ಗಾಡಿಯನ್ನು ಮಗುಚಿ ಹಾಕಿ ಹುಡುಕಿದಳು. ಪಕ್ಕದ ಮನೆಯ ಇಮ್ರಾನ್ ಏಳನೇ ಕ್ಲಾಸಿನವನು, ಬೆರಳಿನಿಂದ ವೈರಿನ ಜಾಡು ಹಿಡಿದು ಹೋದ. ಮೊದಲು ಎಡಗಣ್ಣಿನ ವೈರು ಎಡ ಮೋಟರಿಗೆ, ಬಲಗಣ್ಣಿನದು ಬಲ ಮೋಟರಿಗೆ ಇತ್ತು. ಎಡಗಡೆ ಬೆಳಕು ಕಂಡರೆ ಎಡ ಚಕ್ರ ಜೋರಾಗಿ ತಿರುಗುತ್ತದೆ. ಎಡ ಚಕ್ರ ಜೋರಾದರೆ ಗಾಡಿ ಬಲಕ್ಕೆ ವಾಲುತ್ತದೆ, ಅಂದರೆ ಬೆಳಕಿನಿಂದ ದೂರ. ಈಗ ಎಡಗಣ್ಣು ಬಲ ಮೋಟರಿಗೆ ಹೋಗಿತ್ತು. ಎಡಗಡೆ ಬೆಳಕು ಬಿದ್ದರೆ ಬಲ ಚಕ್ರಕ್ಕೆ ಜೋರು, ಗಾಡಿ ಎಡಕ್ಕೆ, ಬೆಳಕಿನ ಮೇಲೆಯೇ. ಹತ್ತಿರ ಬಂದಷ್ಟೂ ಬೆಳಕು ಹೆಚ್ಚು, ಬೆಳಕು ಹೆಚ್ಚಿದಷ್ಟೂ ವೇಗ. ರೋಷ ಅಂದರೆ ಇಷ್ಟೇ. ಅದರಲ್ಲಿ ಕಂಪ್ಯೂಟರಿಲ್ಲ, ಪ್ರೋಗ್ರಾಮಿಲ್ಲ. ಎರಡು ವೈರು ಜಾಗ ಬದಲಿಸಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಈ ಆಟವನ್ನು ನಾನು ಕಂಡುಹಿಡಿದದ್ದಲ್ಲ. ನರವಿಜ್ಞಾನಿ ವ್ಯಾಲೆಂಟಿನೊ ಬ್ರೈಟೆನ್‌ಬರ್ಗ್ 1984ರಲ್ಲಿ ಇಂಥ ಗಾಡಿಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅವನು ಅವುಗಳನ್ನು ಮನಸ್ಸಿನಲ್ಲೇ ಕಟ್ಟಿದ; ವೈರು ನೇರ ಇದ್ದರೆ ಅಂಜಿಕೆ, ಅಡ್ಡ ಹಾಯಿಸಿದರೆ ಆಕ್ರಮಣ ಎಂದು ಹೆಸರು ಕೊಟ್ಟ. ಅವನಿಗೂ ಮುಂಚೆ, 1940ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಇನ್ನೊಬ್ಬ ನರವಿಜ್ಞಾನಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರದ ಆಮೆಗಳನ್ನು ನಿಜವಾಗಿಯೂ ಮಾಡಿದ್ದ. ಒಂದೊಂದಕ್ಕೂ ಇದ್ದದ್ದು ಹಳೇ ರೇಡಿಯೋದಲ್ಲಿರುತ್ತಿದ್ದಂಥ ಎರಡು ವಾಲ್ವು, ಎರಡು ಮೋಟರು. ಬೆಳಕು ಹುಡುಕಿಕೊಂಡು ಹೋಗುತ್ತಿದ್ದವು, ಅಡ್ಡ ಬಂದದ್ದನ್ನು ಬಳಸಿ ಸಾಗುತ್ತಿದ್ದವು. ಮೂತಿಗೊಂದು ದೀಪ ಹಚ್ಚಿ ಕನ್ನಡಿ ಮುಂದೆ ಬಿಟ್ಟರೆ ತಮ್ಮದೇ ಬೆಳಕು ಕಂಡು ಕುಣಿಯುತ್ತಿದ್ದವಂತೆ. ನೋಡಿದವರಿಗೆಲ್ಲ ಅವುಗಳೊಳಗೆ ಜೀವ ಇದೆ ಅನ್ನಿಸಿತ್ತು. ಸಿರಿಗೆ ಅನ್ನಿಸಿದ್ದೂ ಅದೇ.

ನೋಡಲು ಜಟಿಲವಾದ ನಡವಳಿಕೆಗೆ ಒಳಗಿನ ಕಾರಣವೂ ಜಟಿಲವಾಗಿರಬೇಕಾಗಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ದೊಡ್ಡವರಿಗೂ ಪೂರ್ತಿ ದಕ್ಕುವುದಿಲ್ಲ. ನೆಲದ ಮೇಲೆ ಓಡಿ ಬಂದು ಮೊಣಕಾಲಿಗೆ ಗುದ್ದಿದರೆ ಐದನೇ ಕ್ಲಾಸಿಗೂ ದಕ್ಕುತ್ತದೆ. ರೋಬೋ ಆಟಿಕೆಗಳ ಬಗ್ಗೆ ನನಗಿರುವ ಆಸೆಯೆಲ್ಲ ಇಲ್ಲೇ ಇದೆ. ‘ಮಕ್ಕಳು ನಾಳೆ ಎಂಜಿನಿಯರ್ ಆಗುತ್ತಾರೆ’ ಎಂಬ ಜಾಹೀರಾತಿನ ಮಾತಿನಲ್ಲಿ ನನಗೆ ಆಸಕ್ತಿಯಿಲ್ಲ. ಈ ಊರಲ್ಲಿ ಎಂಜಿನಿಯರುಗಳಿಗೆ ಬರ ಬಂದಿರುವುದನ್ನು ನಾನಂತೂ ಕಂಡಿಲ್ಲ.

ಈ ಆಲೋಚನೆಗೆ ಬುನಾದಿ ಹಾಕಿದವರಲ್ಲಿ ಸೀಮರ್ ಪ್ಯಾಪರ್ಟ್ ದೊಡ್ಡ ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಣಿತಜ್ಞ. ಮಕ್ಕಳ ಕಲಿಕೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಜ್ಯಾಂ ಪಿಯಾಜೆ ಜೊತೆ ಜಿನೀವಾದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಅಮೆರಿಕದ ಎಂಐಟಿಗೆ ಹೋದ. ತಿಳಿವಳಿಕೆಯನ್ನು ಯಾರೂ ಮಗುವಿನ ತಲೆಗೆ ಸುರಿಯುವುದಿಲ್ಲ, ಮಗು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯ ಮಾತಿನ ಸಾರ. ಪ್ಯಾಪರ್ಟ್ ಅದಕ್ಕೆ ಇನ್ನೊಂದು ಸೇರಿಸಿದ: ಕೈಯಲ್ಲಿ ಹಿಡಿದು ನಾಲ್ಕು ಜನಕ್ಕೆ ತೋರಿಸುವಂಥ ಏನನ್ನಾದರೂ ಕಟ್ಟುವಾಗ ತಲೆಯೊಳಗಿನ ಆ ಕಟ್ಟೋಣವೂ ಚೆನ್ನಾಗಿ ನಡೆಯುತ್ತದೆ. 1967ರಲ್ಲಿ ಅವನು, ವಾಲಿ ಫರ್ಜಿಗ್, ಸಿಂಥಿಯಾ ಸಾಲೊಮನ್ ಸೇರಿ ಮಕ್ಕಳಿಗೆಂದೇ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಸ್ವಲ್ಪ ಕಾಲದಲ್ಲೇ ಅದರ ಮಾತು ಕೇಳುವ, ನೆಲದ ಮೇಲೆ ಗೆರೆ ಎಳೆಯುತ್ತ ಓಡಾಡುವ ಆಮೆಯೂ ಬಂತು. ಇದಕ್ಕೂ ಆಮೆ ಎಂದೇ ಹೆಸರು, ಗ್ರೇ ವಾಲ್ಟರನ ಆಮೆಗಳ ನೆನಪಿಗೆ.

ಆಮೆ ಇಲ್ಲದಿದ್ದರೂ ಆ ಆಟ ಆಡಬಹುದು. ನಮ್ಮ ಹಜಾರದ ಚೌಕ ಟೈಲ್ಸ್ ಮೇಲೆ ಸಿರಿ ಆಮೆ, ಇಮ್ರಾನ್ ಹುಕುಂ ಕೊಡುವವನು. ಎಲ್ಲ ಬದಿಯೂ ಸಮ ಇರುವ ತ್ರಿಕೋನ ನಡೆಸಬೇಕು. ಸ್ಕೂಲಿನಲ್ಲಿ ಕಲಿತದ್ದು ನೆನಪಿದೆ, ಪ್ರತಿ ಮೂಲೆಯಲ್ಲೂ 60 ಡಿಗ್ರಿ. “ಮುಂದೆ ಮೂರು ಹೆಜ್ಜೆ, ಬಲಕ್ಕೆ 60. ಮುಂದೆ ಮೂರು, ಬಲಕ್ಕೆ 60. ಮುಂದೆ ಮೂರು, ಬಲಕ್ಕೆ 60.” ಮುಗಿಯುವಷ್ಟರಲ್ಲಿ ಸಿರಿ ಹೊರಟ ಜಾಗಕ್ಕೆ ಬರುವುದಿರಲಿ, ಅಲ್ಲಿಂದ ಆರು ಹೆಜ್ಜೆ ದೂರದಲ್ಲಿ, ಹೊರಟಾಗ ಯಾವ ಕಡೆ ಮುಖ ಮಾಡಿದ್ದಳೋ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. “ಲೋ, ಇದು ತ್ರಿಕೋನಾನಾ?”

ಇಮ್ರಾನ್ ಇನ್ನೂ ಮೂರು ಸಲ ನಡೆಸಿದ. ಆರು ಮೂಲೆಯ ಆಕಾರ ಬಂತು. ತಪ್ಪು ಉತ್ತರ ಅಂದುಕೊಂಡದ್ದು ಬೇರೊಂದು ಪ್ರಶ್ನೆಗೆ ಸರಿ ಉತ್ತರವಾಗಿತ್ತು. ಪುಸ್ತಕದ 60 ಡಿಗ್ರಿ ತ್ರಿಕೋನದ ಒಳಗಿರುವ ಕೋನ. ನಡೆಯುವವಳು ತಿರುಗುವುದು ಹೊರಗಿನ ಕೋನ. ನೇರ ಹೋಗುತ್ತಿದ್ದವಳು ಎಷ್ಟು ಹೊರಳಬೇಕು ಅನ್ನುವುದು. ಅದು 180ರಲ್ಲಿ 60 ಕಳೆದರೆ ಉಳಿಯುವ 120. ಮೂರು ಸಲ 120, ಒಟ್ಟು 360. ಚೌಕಕ್ಕೆ ನಾಲ್ಕು ಸಲ 90, ಅದೂ 360. ಆರು ಮೂಲೆಗೆ ಆರು ಸಲ 60, ಮತ್ತೆ 360. ಯಾಕೆ ಯಾವಾಗಲೂ 360 ಎಂದು ನಾನು ವಿವರಿಸುವ ಮೊದಲೇ ಸಿರಿ, “ಗುಡ್ಡದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕ್ದಂಗೆ” ಅಂದಳು. ಸರಿಯೇ. ರಾಮಾಂಜನೇಯ ಗುಡ್ಡದಲ್ಲಿ ಒಂದು ಪ್ರದಕ್ಷಿಣೆ ಹಾಕಿ ಮೊದಲಿದ್ದಲ್ಲೇ, ಮೊದಲಿದ್ದ ದಿಕ್ಕಿಗೇ ಬಂದು ನಿಂತರೆ ಮೈ ಒಟ್ಟಾರೆ ಒಂದು ಪೂರ್ತಿ ಸುತ್ತು ತಿರುಗಿದೆ. ಪ್ರಾಂಗಣ ಚೌಕವೋ, ದುಂಡೋ, ಅಂಕುಡೊಂಕೋ, ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ರಂಗೋಲಿಯಲ್ಲಿ ಕೈ ಎತ್ತದೆ ಎಳೆಯುವ ಐದು ಮೂಲೆಯ ನಕ್ಷತ್ರಕ್ಕೆ? ಅಲ್ಲಿ ಗೆರೆ ತನ್ನನ್ನು ತಾನೇ ಅಡ್ಡ ಹಾಯುತ್ತದೆ. ಪ್ರತಿ ತುದಿಯಲ್ಲಿ 144 ಡಿಗ್ರಿ ಹೊರಳಬೇಕು. ಐದು ಸಲ 144 ಎಂದರೆ 720, ಒಂದೇ ನಕ್ಷತ್ರಕ್ಕೆ ಎರಡು ಪ್ರದಕ್ಷಿಣೆ. ಇದನ್ನು ಅವರು ತಾವೇ ಕಂಡುಕೊಂಡರು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಹೇಳಿಕೊಟ್ಟೆ. ಆದರೆ ನಂಬದೆ ನಡೆದು ನೋಡಿದರು, ತಲೆ ತಿರುಗುವಷ್ಟು ಸಲ.

ಕಂಪ್ಯೂಟರನ್ನು ಆಟಿಕೆಯ ಹೊಟ್ಟೆಯೊಳಗೇ ಇಡುವ ಕೆಲಸ ನಿಧಾನವಾಗಿ ಆಯಿತು. ಲೆಗೋ ಕಂಪನಿ 1998ರಲ್ಲಿ ಹೊರತಂದ ಹಳದಿ ಇಟ್ಟಿಗೆಯ ಕಿಟ್‌ಗೆ ಮೈಂಡ್‌ಸ್ಟಾರ್ಮ್ಸ್ ಎಂದು ಹೆಸರಿಟ್ಟದ್ದು ಪ್ಯಾಪರ್ಟನ 1980ರ ಪುಸ್ತಕದಿಂದಲೇ. ಕಾಲು ಶತಮಾನದ ಹತ್ತಿರ ಬಾಳಿದ ಆ ಹೆಸರಿನ ಕಿಟ್‌ಗಳ ಮಾರಾಟವನ್ನು ಕಂಪನಿ 2022ರ ಕೊನೆಗೆ ನಿಲ್ಲಿಸಿತು. ಈ ನಡುವೆ ಇನ್ನೂ ಎರಡು ಬಗೆ ಬಂದವು. ಅಂಗಡಿಗಳಲ್ಲಿ ಅವು ಅಷ್ಟಾಗಿ ಕಾಣುವುದಿಲ್ಲ. ಆದರೂ ನನಗೆ ಇವೇ ಹೆಚ್ಚು ಇಷ್ಟ, ಏಕೆಂದರೆ ಅವುಗಳ ಮುಂದೆ ಯಾರೂ ಕೀಬೋರ್ಡ್ ಹಿಡಿದು ಕೂರಬೇಕಾಗಿಲ್ಲ.

ಒಂದು ಟೊಪೊಬೊ. ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಹೇಯ್ಸ್ ರಾಫಲ್, ಅಮಾಂಡ ಪಾರ್ಕ್ಸ್ ಮತ್ತು ಹಿರೋಶಿ ಇಶಿಯಿ ಈ ಶತಮಾನದ ಮೊದಲ ವರ್ಷಗಳಲ್ಲಿ ಮಾಡಿದ್ದು. ಮೂಳೆ-ಕೀಲುಗಳಂತಿರುವ ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಒಂದು ಪ್ರಾಣಿ ಮಾಡಬೇಕು. ಮೋಟರಿರುವ ತುಂಡಿನ ಗುಂಡಿ ಒತ್ತಿ, ಅದನ್ನು ಕೈಯಿಂದ ಹೇಗೆ ಬೇಕೋ ಹಾಗೆ ತಿರುಚಿ, ಮತ್ತೆ ಗುಂಡಿ ಒತ್ತಿದರೆ ಕೈ ಕಲಿಸಿದ ಆ ಚಲನೆಯನ್ನೇ ತಿರುಗಿ ತಿರುಗಿ ಮಾಡುತ್ತದೆ. ಇಷ್ಟು ಕೇಳಿದರೆ ಸುಲಭ. ಆದರೆ ಕೈಯಲ್ಲಿ ಹಿಡಿದು ಕಾಲು ಆಡಿಸಿದಾಗ ಚೆಂದ ನಡೆಯುವಂತೆ ಕಾಣುವ ನಾಯಿ, ನೆಲಕ್ಕೆ ಬಿಟ್ಟೊಡನೆ ಮಗುಚಿ ಬೀಳುತ್ತದೆ. ಭಾರ ಎಲ್ಲಿದೆ, ಒಂದು ಕಾಲು ಎತ್ತಿದಾಗ ಉಳಿದವು ಅದನ್ನು ಹೊರುತ್ತವೆಯೇ, ಹೆಜ್ಜೆ ಹಾಕುವಾಗ ಯಾವ ಪಾದ ಜಾರಬೇಕು, ಯಾವುದು ಕಚ್ಚಿ ನಿಲ್ಲಬೇಕು, ಇವೆಲ್ಲ ಆಗ ಎದುರು ಬಂದು ನಿಲ್ಲುತ್ತವೆ. ಗುರುತ್ವ ಕೇಂದ್ರ ಎಂಬ ಶಬ್ದ ಪಠ್ಯದಲ್ಲಿ ಬರಲು ಇನ್ನೂ ನಾಲ್ಕು ವರ್ಷ ಬಾಕಿ ಇರಬಹುದು. ಅದರ ಕಾಟ ಮಾತ್ರ ಇವತ್ತೇ ಶುರು.

ಇನ್ನೊಂದು ಕ್ಯೂಬ್ಲೆಟ್ಸ್, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ್ದು. ಅಂಗೈಯಲ್ಲಿ ಹಿಡಿಯುವ ಚೌಕ ಘನಗಳು, ಮ್ಯಾಗ್ನೆಟ್ಟಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದೊಂದರೊಳಗೂ ಪುಟ್ಟ ಕಂಪ್ಯೂಟರಿದೆ. ಕೆಲವು ಬೆಳಕು, ದೂರ, ಬಿಸಿ ಇಂಥದ್ದನ್ನು ಗ್ರಹಿಸುತ್ತವೆ. ಕೆಲವು ಓಡುತ್ತವೆ, ತಿರುಗುತ್ತವೆ, ದೀಪ ಹಚ್ಚುತ್ತವೆ. ಕೆಲವು ನಡುವೆ ನಿಂತು ಬಂದ ಅಂಕಿಯನ್ನು ಬದಲಿಸಿ ಮುಂದೆ ಸಾಗಿಸುತ್ತವೆ. ಪರಿಚಯದ ಟೀಚರೊಬ್ಬರು ತಂದಿದ್ದ ಸೆಟ್ಟಿನಲ್ಲಿ ಒಂದು ಮಧ್ಯಾಹ್ನ ಆಡಿದೆವು. ದೂರ ಅಳೆಯುವ ಘನ, ಬ್ಯಾಟರಿ, ಚಕ್ರದ ಘನ ಮೂರನ್ನೂ ಸೇರಿಸಿದರೆ, ಕೈ ಹತ್ತಿರ ತಂದಷ್ಟೂ ವೇಗ. ನಡುವೆ ‘ತಿರುಗುಮುರುಗು’ ಘನವೊಂದನ್ನು ಸೇರಿಸಿದರೆ ಉಲ್ಟಾ: ಹತ್ತಿರ ತಂದಷ್ಟೂ ನಿಧಾನ. ಆ ದಿನ ಇಬ್ಬರು ದೊಡ್ಡವರು ಕೇಳಿದ ಮೊದಲ ಪ್ರಶ್ನೆ ಒಂದೇ: “ಇದರಲ್ಲಿ ಮೇನ್ ಯಾವುದು?” ಮೇನ್ ಅಂತ ಯಾವುದೂ ಇಲ್ಲ. ಪ್ರತಿ ಘನವೂ ತನ್ನ ಪಕ್ಕದವರಿಂದ ಬಂದದ್ದನ್ನು ನೋಡಿ ತನ್ನ ಕೆಲಸ ಮಾಡುತ್ತದೆ, ಅಷ್ಟೆ. ಮಕ್ಕಳು ಆ ಪ್ರಶ್ನೆ ಕೇಳಲೇ ಇಲ್ಲ. ಯಜಮಾನನಿಲ್ಲದೆ ಏನೂ ನಡೆಯದು ಎಂಬ ನಂಬಿಕೆ ವಯಸ್ಸಾಗುತ್ತ ಗಟ್ಟಿಯಾಗುತ್ತದೋ ಏನೋ.

ಆ ನಂಬಿಕೆ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು, ಮುಂದೆ 2007ರಲ್ಲಿ ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ತಂದ ತಂಡದ ಮುಖ್ಯಸ್ಥ ಮಿಚೆಲ್ ರೆಸ್ನಿಕ್ 1990ರ ದಶಕದಲ್ಲೇ ಟ್ರಾಫಿಕ್ ಜಾಮಿನ ಉದಾಹರಣೆಯಿಂದ ತೋರಿಸಿದ. ಅವನ ಕಂಪ್ಯೂಟರಿನೊಳಗಿನ ಕಾರುಗಳಿಗೆ ಇದ್ದದ್ದು ಎರಡೇ ನಿಯಮ: ಮುಂದೆ ಹತ್ತಿರದಲ್ಲಿ ಕಾರಿದ್ದರೆ ನಿಧಾನಿಸು, ಇಲ್ಲದಿದ್ದರೆ ವೇಗ ಹೆಚ್ಚಿಸು. ಅಪಘಾತವಿಲ್ಲ, ಸಿಗ್ನಲ್ಲಿಲ್ಲ, ರಸ್ತೆ ಅಗೆತವೂ ಇಲ್ಲ. ಆದರೂ ಜಾಮ್ ಆಯಿತು. ಕಾರುಗಳೆಲ್ಲ ಮುಂದಕ್ಕೆ ಹೋಗುತ್ತಿದ್ದರೆ ಜಾಮ್ ಮಾತ್ರ ಹಿಂದಕ್ಕೆ ಸರಿಯುತ್ತಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದ ಮೇಲೆ “ಅಲ್ಲಿ ಏನೂ ಆಗಿರ್ಲಿಲ್ವಲ್ಲ, ಮತ್ತೆ ಯಾಕೆ ಅಷ್ಟು ಹೊತ್ತು ನಿಂತ್ವಿ?” ಎಂದು ಕೇಳಿದವರಿಗೆಲ್ಲ ಇದರಲ್ಲಿ ಅರ್ಧ ಉತ್ತರವಿದೆ. ಇನ್ನರ್ಧ ಬೇರೆಯೇ ಲೇಖನ.

ಈಗ ನಿಜಕ್ಕೂ ಕಷ್ಟದ ವಿಷಯಕ್ಕೆ ಬರೋಣ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೊಂದು ಪೂರ್ತಿ ಸೆಮಿಸ್ಟರ್ ಇದೆ, ಬಹಳ ಜನ ಅದನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಫೀಡ್‌ಬ್ಯಾಕ್. ಮಾಡಿದ ಕೆಲಸದ ಫಲವನ್ನು ನೋಡಿ, ಆ ಫಲಕ್ಕೆ ತಕ್ಕಂತೆ ಮುಂದಿನ ಕೆಲಸವನ್ನು ತಿದ್ದಿಕೊಳ್ಳುವುದು. ಬೆಂಗಳೂರಿನ ಮನೆಮನೆಯ ಸಂಪಿನಲ್ಲೂ ಅದು ತೇಲುತ್ತಿದೆ. ಕಾವೇರಿ ನೀರು ಬಂದಾಗ ಸಂಪು ತುಂಬುತ್ತದೆ, ಚೆಂಡು ಮೇಲೇರುತ್ತದೆ, ಚೆಂಡಿನ ಕಡ್ಡಿ ವಾಲ್ವನ್ನು ಮುಚ್ಚುತ್ತದೆ. ನೀರು ತಾನೇ ತನ್ನನ್ನು ನಿಲ್ಲಿಸಿಕೊಂಡ ಹಾಗೆ.

ಎಡವಟ್ಟಾಗುವುದು ಫಲ ತಡವಾಗಿ ಬಂದಾಗ. ಮಾಳಿಗೆ ಮೇಲೆ ಸೋಲಾರ್ ಇರುವವರಿಗೆ ಇದು ದಿನಾ ಬೆಳಗಿನ ಅನುಭವ. ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ, ಪೈಪಿನಲ್ಲಿ ನಿಂತಿದ್ದ ತಣ್ಣೀರು ಬರುತ್ತದೆ. ಇನ್ನಷ್ಟು ತಿರುಗಿಸುತ್ತೀರಿ, ಇನ್ನೂ ತಣ್ಣಗೇ. ಪೂರ್ತಿ ಬಿಡುತ್ತೀರಿ. ಅರ್ಧ ಬಕೆಟ್ ಆದ ಮೇಲೆ ಕೈ ಸುಡುವ ನೀರು. ಗಾಬರಿಯಲ್ಲಿ ತಣ್ಣೀರು ಜೋರು ಮಾಡುತ್ತೀರಿ, ಅದು ಅತಿಯಾಗುತ್ತದೆ. ತಿದ್ದುವ ಆತುರ ಹೆಚ್ಚಿದ್ದು, ಸುದ್ದಿ ತಡವಾಗಿ ಬಂದರೆ, ವ್ಯವಸ್ಥೆ ಈ ತುದಿಯಿಂದ ಆ ತುದಿಗೆ ಹೊಯ್ದಾಡುತ್ತದೆ. ಸೆಮಿಸ್ಟರಿನ ಮೊದಲ ಭಾಗ ಹೆಚ್ಚುಕಡಿಮೆ ಇಷ್ಟೇ.

ಮಕ್ಕಳಿಗೆ ಇದನ್ನು ಗೆರೆ ಹಿಡಿದು ಓಡುವ ಗಾಡಿಯಲ್ಲಿ ತೋರಿಸಬಹುದು. ಬಿಳಿ ಚಾರ್ಟ್ ಶೀಟು, ಅದರ ಮೇಲೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು. ಗಾಡಿಯ ಹೊಟ್ಟೆಯ ಕೆಳಗೊಂದು ಸೆನ್ಸರ್: ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೆಲಕ್ಕೆ ಬಿಟ್ಟು, ಎಷ್ಟು ವಾಪಸ್ ಬಂತೆಂದು ನೋಡುತ್ತದೆ. ಬಿಳಿ ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ. ನಿಯಮ ಎರಡೇ: ಕಪ್ಪು ಕಂಡರೆ ಎಡಕ್ಕೆ, ಬಿಳಿ ಕಂಡರೆ ಬಲಕ್ಕೆ. ಗಾಡಿ ಟೇಪಿನ ಅಂಚನ್ನು ಹಿಡಿದು ಹೋಗುತ್ತದೆ, ಆದರೆ ಕುಡಿದವರ ಹಾಗೆ, ಅತ್ತಿತ್ತ ಓಲಾಡಿಕೊಂಡು.

ಅದನ್ನು ನೆಟ್ಟಗೆ ಮಾಡಲು ಹೌದು-ಅಲ್ಲ ಎನ್ನುವ ಸೆನ್ಸರನ್ನು ತೆಗೆದು, ಅಂಕಿ ಕೊಡುವ ಸೆನ್ಸರ್ ಹಾಕಿದೆವು. ಪೂರ್ತಿ ಬಿಳಿಗೆ 100, ಪೂರ್ತಿ ಕಪ್ಪಿಗೆ 0 ಬರುವಂತೆ ಹೊಂದಿಸಿಕೊಂಡೆವು. ಅಂಚಿನ ಮೇಲೆ ಸರಿಯಾಗಿ ಇದ್ದರೆ 50. ಈಗ 54 ಬಂದರೆ ತಪ್ಪಿರುವುದು 4 ಮಾತ್ರ, ಸ್ವಲ್ಪ ತಿರುಗಿದರೆ ಸಾಕು. 90 ಬಂದರೆ 40 ತಪ್ಪಿದೆ, ಜೋರಾಗಿ ತಿರುಗಬೇಕು. ತಪ್ಪನ್ನು ಒಂದು ಸಂಖ್ಯೆಯಿಂದ ಗುಣಿಸಿ, ಅಷ್ಟನ್ನು ಒಂದು ಚಕ್ರಕ್ಕೆ ಕೂಡಿಸಿ ಇನ್ನೊಂದರಿಂದ ಕಳೆಯುವುದು. ಆ ಗುಣಿಸುವ ಸಂಖ್ಯೆಗೆ ಇಮ್ರಾನ್ ‘ಖಾರ’ ಎಂದು ಹೆಸರಿಟ್ಟ, ಅದೇ ಉಳಿದುಕೊಂಡಿತು. ಖಾರ ಕಮ್ಮಿಯಾದರೆ ಗಾಡಿ ನೇರ ದಾರಿಯಲ್ಲಿ ರಾಜಗಾಂಭೀರ್ಯದಿಂದ ಹೋಗಿ ತಿರುವಿನಲ್ಲಿ ಟೇಪು ಬಿಟ್ಟು ಟಿವಿ ಸ್ಟ್ಯಾಂಡಿನ ಕಡೆ ನಡೆಯುತ್ತದೆ. ಖಾರ ಜಾಸ್ತಿಯಾದರೆ ತಿರುವೇನೋ ಹಿಡಿಯುತ್ತದೆ, ನೇರ ದಾರಿಯಲ್ಲಿ ಗಡಗಡ ನಡುಗುತ್ತದೆ. ಅರ್ಧ, ಒಂದು, ಎರಡು, ಒಂದೂವರೆ... ಒಂದು ಸಂಜೆಯೆಲ್ಲ ಅದೇ. ಸಿರಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ಒಂದರಲ್ಲಿ ಖಾರ, ಇನ್ನೊಂದರಲ್ಲಿ ‘ಏನಾಯ್ತು’ ಬರೆದಳು. ‘1.5 – ಚೆನ್ನಾಗಿದೆ ಆದ್ರೆ ಸೆಲ್ ವೀಕ್ ಆದ್ಮೇಲೆ ಇಲ್ಲ’ ಎಂಬ ಸಾಲು ಈಗಲೂ ಇದೆ. ಕಾರ್ಖಾನೆಯ ಯಂತ್ರದಿಂದ ಹಿಡಿದು ಡ್ರೋನ್‌ವರೆಗೆ ಈ ಗುಣಕವನ್ನು ಹೊಂದಿಸಲು ತಲೆ ಕೆಡಿಸಿಕೊಳ್ಳುವವರ ಡೈರಿ ಕೂಡ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಗೇರಿನ ಬಗ್ಗೆ ಚಿಕ್ಕದಾಗಿ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ‘ಬಿಓ ಮೋಟರ್’ ಎಂದು ಕೇಳಿದರೆ ಕೊಡುವ ಆ ಹಳದಿ ಮೋಟರನ್ನು ಒಂದು ಸಲ ಬಿಚ್ಚಿ ನೋಡಿ. ಒಳಗೆ ಬೆರಳುದ್ದದ ಮೋಟರು, ಅದರ ಪಕ್ಕ ಒಂದರ ಮೇಲೊಂದು ಹಲ್ಲುಚಕ್ರಗಳು. ಸಾಮಾನ್ಯವಾಗಿ ಸಿಗುವುದರಲ್ಲಿ ಒಳಗಿನ ಮೋಟರು 48 ಸುತ್ತು ಸುತ್ತಿದರೆ ಹೊರಗಿನ ಚಕ್ರ ಒಂದು ಸುತ್ತು. ವೇಗ ಬಿಟ್ಟುಕೊಟ್ಟು ಬಲ ಪಡೆಯುವ ವ್ಯಾಪಾರ. ಗಾಂಧಿ ಬಜಾರಿನಲ್ಲಿ ಕಬ್ಬಿನ ಹಾಲಿನವರ ಯಂತ್ರದಲ್ಲಿ ಸಣ್ಣ ಚಕ್ರ ಗರಗರ ತಿರುಗಿ, ದೊಡ್ಡದು ನಿಧಾನಕ್ಕೆ ಕಬ್ಬನ್ನು ಹಿಂಡುವುದೂ ಅದೇ ವ್ಯಾಪಾರ. ಪ್ಯಾಪರ್ಟ್ ತನ್ನ ಬಾಲ್ಯದ ಬಗ್ಗೆ ಬರೆಯುತ್ತ, ತಾನು ಮಗ್ಗಿಯನ್ನೂ ಎರಡು ಅವ್ಯಕ್ತಗಳ ಸಮೀಕರಣವನ್ನೂ ಅರ್ಥಮಾಡಿಕೊಂಡದ್ದು ತಲೆಯೊಳಗೆ ಗೇರು ತಿರುಗಿಸಿ ಎನ್ನುತ್ತಾನೆ. ಕೂಡಲೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ಅದು ಫಲಿಸಿದ್ದು ತನಗೆ ಗೇರಿನ ಮೇಲೆ ಪ್ರೀತಿ ಹುಟ್ಟಿದ್ದರಿಂದ. ಎಲ್ಲ ಮಕ್ಕಳಿಗೂ ಗೇರು ಹಂಚಿದರೆ ಎಲ್ಲರಿಗೂ ಅದೇ ಆಗದು.

ಈ ಎಚ್ಚರಿಕೆಯನ್ನು ಅವನ ಅಭಿಮಾನಿಗಳೇ ಹೆಚ್ಚು ಮರೆತರು. ಲೋಗೋ ಶಾಲೆಗಳಿಗೆ ಹಬ್ಬಿದ 1980ರ ದಶಕದಲ್ಲಿ ರಾಯ್ ಪೀ, ಮಿಡಿಯನ್ ಕರ್ಲ್ಯಾಂಡ್ ಎಂಬ ಇಬ್ಬರು ಸಂಶೋಧಕರು ಅದನ್ನು ಕಲಿತ ಮಕ್ಕಳನ್ನು ಪರೀಕ್ಷಿಸಿದರು. ಪ್ರೋಗ್ರಾಮಿಂಗ್ ಕಲಿತವರು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಉಳಿದವರಿಗಿಂತ ಮುಂದಿರಲಿಲ್ಲ. ಆಮೆಗೆ ಗೆರೆ ಎಳೆಯಲು ಕಲಿತವರು ಆಮೆಗೆ ಗೆರೆ ಎಳೆಯಲು ಕಲಿತಿದ್ದರು, ಅಷ್ಟೆ. ಆದರೆ ಶ್ಯಾರನ್ ಕಾರ್ವರ್ ಮತ್ತು ಡೇವಿಡ್ ಕ್ಲಾರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ತಪ್ಪು ಹುಡುಕುವ ಕ್ರಮವನ್ನೇ ಬಿಡಿಸಿ ಹೇಳಿಕೊಟ್ಟಿದ್ದರು: ಆಗಬೇಕಿದ್ದದ್ದು ಏನು, ಆದದ್ದು ಏನು, ವ್ಯತ್ಯಾಸ ಯಾವ ಬಗೆಯದು, ಅದು ಎಲ್ಲಿ ಹುಟ್ಟಿರಬಹುದು. ಆ ಮಕ್ಕಳು ಕಂಪ್ಯೂಟರೇ ಇಲ್ಲದ ಕಡೆ, ಬರೆದ ಸೂಚನೆಗಳಲ್ಲಿರುವ ತಪ್ಪನ್ನು ಹಿಡಿಯುವುದರಲ್ಲೂ ಸುಧಾರಿಸಿದರು.

ನನ್ನ ತೀರ್ಮಾನವೂ ಇದರ ಸುತ್ತಲೇ. ಆಟಿಕೆ ಒಳ್ಳೆಯದೋ ಅಲ್ಲವೋ ಎಂದು ನೋಡಲು ಅದರ ಡಬ್ಬಿಯ ಮೇಲಿನ ಚಿತ್ರ ಬೇಡ. ಮಗು ತಪ್ಪು ಮಾಡಿದಾಗ ಅದು ಏನು ಮಾಡುತ್ತದೆ, ಅದನ್ನು ನೋಡಿ. ಪುಕ್ಲ ಮೊಣಕಾಲಿಗೆ ಗುದ್ದುತ್ತದೆ. ತ್ರಿಕೋನ ಮುಗಿಯದೆ ಸಿರಿಯನ್ನು ಆರು ಹೆಜ್ಜೆ ಆಚೆ ನಿಲ್ಲಿಸುತ್ತದೆ. ಟೊಪೊಬೊ ನಾಯಿ ಮಗುಚಿ ಬೀಳುತ್ತದೆ. ತಪ್ಪು ಎಂದು ಯಾರೂ ಹೇಳಬೇಕಾಗಿಲ್ಲ, ಎಲ್ಲಿ ತಪ್ಪಿತು ಎಂಬ ಸುಳಿವೂ ಅಲ್ಲೇ ಇದೆ. ಪಕ್ಕದಲ್ಲಿ ಕೂತವರು “ಏನಾಗ್ಬೇಕಿತ್ತು? ಏನಾಯ್ತು?” ಎಂದಿಷ್ಟೇ ಕೇಳುತ್ತಿದ್ದರೆ ಸಾಕು. ಕೈ ಹಾಕಿ ಸರಿಮಾಡಿ ಕೊಡುವ ಚಪಲವೊಂದನ್ನು ತಡೆದುಕೊಳ್ಳಬೇಕು, ಅದು ನನಗಿನ್ನೂ ಪೂರ್ತಿ ಸಾಧ್ಯವಾಗಿಲ್ಲ.

ಹೀಗಾಗಿ ಮಾಲ್‌ಗಳಲ್ಲಿ ನಡೆಯುವ ಕೆಲವು ವೀಕೆಂಡ್ ಕ್ಲಾಸುಗಳ ಮೇಲೆ ನನಗೆ ಸಿಟ್ಟಿದೆ. ಸಿರಿಯನ್ನು ಒಂದಕ್ಕೆ ಕಳಿಸಿದ್ದೆವು. ಟ್ಯಾಬ್ಲೆಟ್‌ನಲ್ಲಿ ಒಂದರ ಹಿಂದೊಂದು ಚಿತ್ರ, ಚಿತ್ರದಲ್ಲಿದ್ದಂತೆ ತುಂಡು ಸಿಕ್ಕಿಸುವುದು, ಕೊನೆಗೆ ಗುಂಡಿ ಒತ್ತಿದರೆ ಮೊಸಳೆ ಬಾಯಿ ಮುಚ್ಚುತ್ತದೆ. ನಲವತ್ತು ನಿಮಿಷ, ಫೋಟೋ, ಸರ್ಟಿಫಿಕೇಟು. ಮೊಸಳೆ ಬಾಯಿ ಯಾಕೆ ಮುಚ್ಚಿತು ಎಂದರೆ “ಗೊತ್ತಿಲ್ಲ, ಸ್ಟೆಪ್ ಇಪ್ಪತ್ತಾರಲ್ಲಿ ಇತ್ತು” ಎಂದಳು. ಅವಳ ಕೈಯಿಂದ ಒಂದೂ ತಪ್ಪಾಗದಂತೆ ನೋಡಿಕೊಂಡಿದ್ದರು, ಪಾಪ.

ಖರ್ಚಿನ ಮಾತೂ ಇದೆ. ಹೆಸರುವಾಸಿ ಕಂಪನಿಗಳ ಶಾಲಾ ಕಿಟ್‌ಗಳು ಹತ್ತಾರು ಸಾವಿರದವು. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಿಂದ ಆಯ್ದ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಕೊಡುತ್ತ ಬಂದಿದೆ. 6ರಿಂದ 12ನೇ ತರಗತಿಯವರಿಗಾಗಿ, ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ನಿಮ್ಮ ಮಕ್ಕಳ ಶಾಲೆಯಲ್ಲಿ ಇದೆಯೇ ಎಂದು ಕೇಳಿ. ಇದ್ದರೆ ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಕೇಳಿ. ಇಲ್ಲದಿದ್ದರೆ ಎಸ್‌ಪಿ ರೋಡ್ ಇದ್ದೇ ಇದೆ. ಪುಕ್ಲನಿಗೆ ಒಟ್ಟು ಆದದ್ದು ಐದುನೂರು ರೂಪಾಯಿಯ ಒಳಗೆ. ಎರಡು ಮೋಟರು, ಎರಡು ಎಲ್‌ಡಿಆರ್, ಎರಡು ಟ್ರಾನ್ಸಿಸ್ಟರ್, ಚಕ್ರ, ಸೆಲ್ಲು. ಮೈಗೆ ಹಳೇ ಸ್ವೀಟ್ ಬಾಕ್ಸಿನ ಮುಚ್ಚಳ. ಗೆರೆ ಹಿಡಿಯುವ ಗಾಡಿಗೆ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಬೇಕಾದ್ದರಿಂದ ಖರ್ಚು ಹೆಚ್ಚು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಡ್ರಾಯರಿನಿಂದ ಎಲ್‌ಡಿಆರ್ ತೆಗೆದು ಎಣಿಸಿ ಕೊಡುವುದನ್ನು ನೋಡಿದ ಮೇಲೆ ರೋಬೋ ಎಂಬುದು ಡಬ್ಬಿಯಲ್ಲಿ ಹುಟ್ಟುವ ವಸ್ತು ಅನ್ನಿಸುವುದಿಲ್ಲ.

ಹೋದ ಶನಿವಾರದ್ದೊಂದು ಮಾತು ಬಾಕಿ ಇದೆ. ಗೆರೆ ಹಿಡಿಯುವ ಗಾಡಿ ಸಂಜೆ ನಾಲ್ಕರ ಹೊತ್ತಿಗೆ, ಖಾರ ಎಲ್ಲ ಸರಿಯಿದ್ದೂ, ಕಿಟಕಿಯ ಹತ್ತಿರದ ತಿರುವಿಗೆ ಬಂದಾಗಲೆಲ್ಲ ಟೇಪು ಬಿಟ್ಟು ಬಲಕ್ಕೆ ಗಿರಗಿರ ಸುತ್ತತೊಡಗಿತು. ಸೆಲ್ ಬದಲಾಯಿಸಿದರು. ಟೇಪು ಕಿತ್ತು ಹೊಸದು ಅಂಟಿಸಿದರು. ಚಾರ್ಟನ್ನೇ ತಿರುಗಿಸಿಟ್ಟು ನೋಡಿದರು. ಆಗ ಬೇರೆ ತಿರುವು ಕಿಟಕಿಯ ಹತ್ತಿರ ಬಂತು, ಗಾಡಿ ಅಲ್ಲೂ ಸುತ್ತಿತು. “ತಿರುವಿಂದು ತಪ್ಪಲ್ಲ ಕಣೋ, ಜಾಗದ್ದು” ಎಂದಳು ಸಿರಿ. ಆ ಜಾಗದಲ್ಲಿ ಪಡುವಣದ ಬಿಸಿಲು ಚಾರ್ಟಿನ ಮೇಲೆ ಬಿದ್ದಿತ್ತು.

ಬಿಸಿಲಿನಲ್ಲಿ ಇನ್‌ಫ್ರಾರೆಡ್ ಬೇಕಾದಷ್ಟಿರುತ್ತದೆ. ಸೆನ್ಸರಿಗೆ ಅದು ತಾನು ಕಳಿಸಿದ್ದೋ ಸೂರ್ಯ ಕಳಿಸಿದ್ದೋ ತಿಳಿಯುವುದಿಲ್ಲ, ಕಪ್ಪು ಟೇಪೂ ಅದಕ್ಕೆ ಬಿಳಿ. ಬಿಳಿ ಕಂಡರೆ ಬಲಕ್ಕೆ. ಹಾಗಾಗಿ ಬಲಕ್ಕೇ ಸುತ್ತು. ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ, ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ನೇರಳೆಯಾಗಿ ಮಿನುಗುವುದನ್ನು ತೋರಿಸಿದೆ. ಕೆಲವು ಫೋನುಗಳಲ್ಲಿ ಮಾತ್ರ ಕಾಣುತ್ತದೆ, ನನ್ನದರಲ್ಲಿ ಮುಂದಿನ ಕ್ಯಾಮೆರಾದಲ್ಲಿ ಕಂಡಿತು. ಸಿರಿ ಊದುಬತ್ತಿ ಡಬ್ಬಿ ಕತ್ತರಿಸಿ ಸೆನ್ಸರಿಗೆ ಸುತ್ತ ಒಂದು ಟೋಪಿ ಮಾಡಿದಳು. ಗಾಡಿ ಕಿಟಕಿಯ ತಿರುವನ್ನು ತೆಪ್ಪಗೆ ದಾಟಿತು.

ಎಲ್ಲರೂ ಚಪ್ಪಾಳೆ ತಟ್ಟಿದರು, ಇಮ್ರಾನ್ ಒಬ್ಬನನ್ನು ಬಿಟ್ಟು. ಅವನು ಕಿಟಕಿಯ ಕಡೆ ಕೈ ತೋರಿಸಿದ. ಟೋಪಿ ಅಂಟಿಸುವಷ್ಟರಲ್ಲಿ ಬಿಸಿಲು ಎದುರಿನ ಅಪಾರ್ಟ್‌ಮೆಂಟಿನ ಹಿಂದೆ ಸರಿದಿತ್ತು. “ಟೋಪಿಯಿಂದ ಸರಿ ಹೋಯ್ತೋ, ಬಿಸಿಲು ಹೋಗಿದ್ದಕ್ಕೆ ಸರಿ ಹೋಯ್ತೋ, ಹೆಂಗೆ ಗೊತ್ತು?”

ಈ ಶನಿವಾರ ಇಬ್ಬರೂ ಮೂರೂಮುಕ್ಕಾಲಿಗೇ ಬಂದು, ಚಾರ್ಟ್ ಹಾಸಿ, ಟೋಪಿ ಇಟ್ಟೂ ತೆಗೆದೂ ಓಡಿಸಲು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಕೂತರು. ಐದರವರೆಗೂ ಕಾದರು. ದಿನವಿಡೀ ಮೋಡ.